ಯುದ್ಧವೇ ತಪ್ಪಾಗಿದ್ದರೆ ಸತ್ತ ಸೈನಿಕರಿಗೆ ಹೂ ಇಡುವುದರಲ್ಲಿ ಅರ್ಥ ಇದೆಯಾ?

ನೀವು ಕೇಳಿದ ಈ ಪ್ರಶ್ನೆಯನ್ನು ನಾನೂ ಇಪ್ಪತ್ತನೇ ವಯಸ್ಸಿನಲ್ಲಿ ಮೈಕ್ ಹಿಡಿದುಕೊಂಡು ಕೇಳಿದ್ದೆ. ಅದರ ದಂಡ ಇನ್ನೂ ಕಟ್ಟುತ್ತಿದ್ದೇನೆ.

ನಮ್ಮ ಚಿಕ್ಕಪ್ಪ 1987ರ ನವೆಂಬರ್‌ನಲ್ಲಿ ಶ್ರೀಲಂಕಾದಲ್ಲಿ ತೀರಿಕೊಂಡರು. ಶಾಂತಿ ಪಾಲನಾ ಪಡೆ ಅಂತ ಕಳಿಸಿದ್ದರು. ಜುಲೈನಲ್ಲಿ ಭಾರತ-ಶ್ರೀಲಂಕಾ ಒಪ್ಪಂದ ಆಯಿತು, ಅಲ್ಲಿ ಪ್ರತ್ಯೇಕ ತಮಿಳು ದೇಶಕ್ಕಾಗಿ ಹೋರಾಡುತ್ತಿದ್ದ ಎಲ್‌ಟಿಟಿಇಯವರಿಂದ ಬಂದೂಕು ಕೆಳಗಿಡಿಸುವುದು ಕೆಲಸ. ಅಕ್ಟೋಬರ್‌ಗೆ ಅವರ ಜೊತೆಗೇ ಯುದ್ಧ. ಅದೇ ತಿಂಗಳ 21ರಂದು ಜಾಫ್ನಾ ಆಸ್ಪತ್ರೆಗೆ ನಮ್ಮ ಸೈನ್ಯ ನುಗ್ಗಿದಾಗ ರೋಗಿಗಳು, ಡಾಕ್ಟರು, ನರ್ಸುಗಳು ಸತ್ತರು. 1990ರ ಮಾರ್ಚ್‌ನಲ್ಲಿ ಪಡೆ ವಾಪಸ್ ಬರುವಷ್ಟರಲ್ಲಿ ನಮ್ಮವರು ಸುಮಾರು 1,200 ಜನ ಹೋಗಿದ್ದರು. ಮದ್ರಾಸ್ ಬಂದರಿನಲ್ಲಿ ಇಳಿದವರನ್ನು ಎದುರುಗೊಳ್ಳಲು ಅಲ್ಲಿನ ಮುಖ್ಯಮಂತ್ರಿ ಕರುಣಾನಿಧಿ ಹೋಗಲೇ ಇಲ್ಲ.

ಇದನ್ನೆಲ್ಲ ಡಿಗ್ರಿ ಓದುವಾಗ ತಿಳಿದುಕೊಂಡೆ, ತಲೆ ಬಿಸಿಯಾಯಿತು. 1997ರ ಆಗಸ್ಟ್ 15, ಸ್ವಾತಂತ್ರ್ಯದ ಐವತ್ತನೇ ವರ್ಷ. ಊರಿನ ಶಾಲೆಯ ಮುಂದೆ ಚಿಕ್ಕಪ್ಪನ ಹೆಸರಿನ ಕಲ್ಲು ಇದೆ. ಅದರ ಪಕ್ಕ ನಿಲ್ಲಿಸಿ ಮಾತಾಡಪ್ಪ ಅಂದರು.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳಬೇಕು, ಯಾಕಂದ್ರೆ ಕೇಳಿದವರೆಲ್ಲ ಬೇರೆಯದನ್ನೇ ತಪ್ಪು ಅಂದುಕೊಳ್ಳುತ್ತಾರೆ. ಆ ಯುದ್ಧ ಬೇಡವಾಗಿತ್ತು ಅಂದೆ, ಅದು ತಪ್ಪಲ್ಲ. ಹಬ್ಬದ ದಿನ ಅಂದೆ, ಅದೂ ತಪ್ಪಲ್ಲ. ಮೇಷ್ಟರ ಮುಖ ಕೆಂಪಾಯಿತು, ಆಗಲಿ. ಆದರೆ ಚಿಕ್ಕಮ್ಮ ಟ್ರಂಕಿನಿಂದ ತೆಗೆದು ಚಿಕ್ಕಪ್ಪನ ಕಾಗದಗಳನ್ನು ನನಗೆ ಓದಲು ಕೊಟ್ಟಿದ್ದರು. ‘ಇಲ್ಲಿ ನಮ್ಮನ್ನು ನೋಡಿದರೆ ಮಕ್ಕಳು ಓಡುತ್ತವೆ, ನನಗೆ ನಿದ್ದೆ ಬರುತ್ತಿಲ್ಲ’ ಅಂತ ಒಂದರಲ್ಲಿ ಇತ್ತು. ಆ ಸಾಲನ್ನು ಮೈಕಿನಲ್ಲಿ ಓದಿಬಿಟ್ಟೆ. ಚಿಕ್ಕಮ್ಮನನ್ನು ಒಂದು ಮಾತೂ ಕೇಳಲಿಲ್ಲ. ಗಂಡ ಹೆಂಡತಿಗೆ ಬರೆದದ್ದು ಅದು. ಊರಿಗೆ ಹೇಳುವ ಮಾತಾಗಿದ್ದರೆ ಕಾಗದವನ್ನು ಊರಿಗೇ ಬರೆಯುತ್ತಿದ್ದರು. ದೆಹಲಿಯವರನ್ನು ಬೈಯಲು ನಾನು ಸತ್ತವರನ್ನು ಸಾಕ್ಷಿಗೆ ಎಳೆದು ತಂದೆ. ಅಲ್ಲಿಗೆ ಕಳಿಸಿದವರೂ ಅವರನ್ನು ಕೇಳಿ ಕಳಿಸಿರಲಿಲ್ಲ, ಅಲ್ವಾ?

ಆವತ್ತು ಸಂಜೆ ಚಿಕ್ಕಮ್ಮ ಕಾಗದಗಳನ್ನು ವಾಪಸ್ ತಗೊಂಡರು. ಮತ್ತೆ ತೋರಿಸಿಲ್ಲ.

ತಮಾಷೆ ಏನಂದ್ರೆ, ಆ ಯುದ್ಧದ ವಿಷಯದಲ್ಲಿ ಚಿಕ್ಕಮ್ಮ ನನಗಿಂತ ಜಾಸ್ತಿ ಖಾರ. ಕಲ್ಲು ತೊಳೆದು ದಾಸವಾಳ ಇಡುತ್ತಲೇ ‘ಮನೆಹಾಳರು, ಯಾರದೋ ಜಗಳಕ್ಕೆ ಕಳಿಸಿದರು’ ಅಂತ ಬೈಯುತ್ತಾರೆ. ಹೂ ಇಟ್ಟರೆ ಯುದ್ಧವನ್ನು ಒಪ್ಪಿಕೊಂಡ ಹಾಗೆ ಅಂತ ನಿಮ್ಮ ಪ್ರಶ್ನೆ ಮೊದಲೇ ತೀರ್ಮಾನ ಮಾಡಿಬಿಟ್ಟಿದೆ. ಅದನ್ನೇ ನಾನು ಒಪ್ಪುವುದಿಲ್ಲ. ಒಪ್ಪಿಸುವ ಕೆಲಸ ನಡೆಯುವುದು ಭಾಷಣದಲ್ಲಿ. ಹಾಗಾಗಿ ಹೂ ಇಡಿ, ಭಾಷಣ ಶುರುವಾಗುವ ಮೊದಲು ಎದ್ದು ಹೋಗಿ. ಆ ಆಸ್ಪತ್ರೆಯಲ್ಲಿ ಸತ್ತವರನ್ನೂ ನೆನೆಯುವ ಭಾಷಣವಾದರೆ ಕೂರುತ್ತೇನೆ ಅಂದುಕೊಂಡಿದ್ದೇನೆ. ಇದುವರೆಗೆ ಕೂತಿಲ್ಲ.

2019ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಆಯಿತು, ಚಿಕ್ಕಪ್ಪನ ಹೆಸರೂ ಅಲ್ಲಿದೆ. ನೋಡಿಕೊಂಡು ಬರೋಣ ಚಿಕ್ಕಮ್ಮ ಅಂದೆ. ‘ಅಷ್ಟು ದೂರ ಯಾಕೋ, ಇಲ್ಲೇ ಕಲ್ಲು ಇದೆಯಲ್ಲ’ ಅಂದರು. ಪ್ರತಿ ವರ್ಷ ಆಗಸ್ಟ್ 14ರ ರಾತ್ರಿ ಅವರ ಫೋನ್ ಬರುತ್ತದೆ. ‘ಬೆಳಿಗ್ಗೆ ಕಾರು ತಗೊಂಡು ಬಾ. ಸುಮ್ನೆ ನಿಂತಿರು, ಮಾತಾಡಬೇಡ.’