ಉಲ್ಕೆ ಬೀಳುವ ತನಕ ಸೈನ್ಯ ಕಾಯಬೇಕಿತ್ತಾ?

ನಿಮ್ಮ ಪ್ರಶ್ನೆ: ಉಲ್ಕೆಗಳ ಜಾಡು ಬಳಸಿ ಸೈನ್ಯದವರು ದೂರಕ್ಕೆ ಸಂದೇಶ ಕಳಿಸುತ್ತಿದ್ದದ್ದು ನಿಜವಾ? ಉಲ್ಕೆ ಯಾವಾಗ ಬೀಳುತ್ತದೆ ಅಂತಲೇ ಗೊತ್ತಿಲ್ಲವಲ್ಲ?

ನಿಜ. ಕಣ್ಣಿಗೆ ಕಾಣುವ ಉಲ್ಕೆಗೆ ಕಾಯಬೇಕಾಗಿಯೇ ಇಲ್ಲ. ಮರಳಿನ ಕಣದಷ್ಟು ಸಣ್ಣ ಧೂಳು ಹಗಲು ರಾತ್ರಿ ಬೀಳುತ್ತಲೇ ಇರುತ್ತದೆ. ಸುಮಾರು 100 ಕಿ.ಮೀ. ಮೇಲೆ ಅದು ಉರಿದಾಗ ಗಾಳಿಯಲ್ಲಿ ಎಲೆಕ್ಟ್ರಾನುಗಳ ಒಂದು ಗೆರೆ ಉಳಿಯುತ್ತದೆ. 40-50 ಮೆಗಾಹರ್ಟ್ಸ್ ರೇಡಿಯೋ ಅಲೆ ಅದಕ್ಕೆ ತಾಗಿ ಕೆಳಗೆ ಬರುತ್ತದೆ. ಹೆಚ್ಚಿನ ಗೆರೆಗಳು ಒಂದು ಸೆಕೆಂಡೂ ಬಾಳುವುದಿಲ್ಲ.

ನೀವು ಕಾರವಾರದವರು ಅಂದಿದ್ದೀರಿ. ಅಲ್ಲಿಂದ ದೆಹಲಿ ಸುಮಾರು 1,550 ಕಿ.ಮೀ. ಈ ವಿಧಾನ ಸುಮಾರು 2,000 ಕಿ.ಮೀ. ತನಕ ನಡೆಯುತ್ತದೆ. ದೆಹಲಿ ಕೇಂದ್ರ ಸುಮ್ನೆ ಕೂಗುತ್ತಲೇ ಇರುತ್ತದೆ ಅಂದುಕೊಳ್ಳಿ. ಮಹಾರಾಷ್ಟ್ರ-ಮಧ್ಯಪ್ರದೇಶದ ಗಡಿಯ ಮೇಲೆಲ್ಲೋ ಸರಿಯಾದ ಓರೆಯಲ್ಲಿ ಗೆರೆ ಮೂಡಿದ ಕ್ಷಣ ಕಾರವಾರಕ್ಕೆ ಆ ಕೂಗು ಕೇಳುತ್ತದೆ. ತಕ್ಷಣ ಕಾರವಾರದ ಕೇಂದ್ರ ಕೂಡಿಟ್ಟ ಅಕ್ಷರಗಳನ್ನೆಲ್ಲ ಒಂದೇ ಉಸಿರಿಗೆ ಕಳಿಸುತ್ತದೆ. ಗೆರೆ ಅಳಿಸಿತಾ, ಮುಂದಿನದಕ್ಕೆ ಕಾಯುತ್ತದೆ.

ಕೆನಡಾದವರು 1950ರ ದಶಕದಲ್ಲಿ ಜಾನೆಟ್ ಹೆಸರಿನಲ್ಲಿ ಇದನ್ನು ಮಾಡಿ ತೋರಿಸಿದರು. ಆಮೇಲೆ ನ್ಯಾಟೋದ ಕಾಮೆಟ್ ಎಂಬ ವ್ಯವಸ್ಥೆ ಬಂತು. ಸೈನ್ಯಕ್ಕೆ ಇದು ಹಿಡಿಸಿದ್ದು ಯಾಕೆ ಗೊತ್ತಾ? ಒಂದು ಗೆರೆಯಿಂದ ಬರುವ ಅಲೆ ನೆಲದ ಸಣ್ಣ ಜಾಗಕ್ಕಷ್ಟೇ ಬೀಳುತ್ತದೆ. ಹೊರಗಿನವರು ಕದ್ದು ಕೇಳುವುದು ಕಷ್ಟ, ಅಡ್ಡಿ ಮಾಡುವುದೂ ಕಷ್ಟ. ಮಾತಾಡಲು ಮಾತ್ರ ಆಗದು, ಚಿಕ್ಕ ಸಂದೇಶವೇ ಸೈ. ಅಮೆರಿಕದಲ್ಲಿ ಬೆಟ್ಟದ ಹಿಮದ ಅಳತೆ ಕಳಿಸಲೂ ಬಳಸಿದರು.

ಬೆಳಗಿನ ಜಾವ ಗೆರೆಗಳು ಜಾಸ್ತಿ, ಸಂಜೆ ಕಡಿಮೆ. ಮಳೆಯಲ್ಲಿ ದೇವಿಮನೆ ಘಾಟಿಯಲ್ಲಿ ಬೈಕ್ ಓಡಿಸಿದರೆ ಎದೆ ಮೊದಲು ತೊಯ್ಯುತ್ತದೆ, ಅಲ್ವಾ? ಭೂಮಿಯೂ ಸೂರ್ಯನ ಸುತ್ತ ಹಾಗೇ ಓಡುತ್ತಿದೆ; ಬೆಳಗಿನ ಜಾವ ನಾವಿರುವ ಬದಿ ಅದರ ಎದೆ, ಸಂಜೆ ಬೆನ್ನು.

ನಾನು ಶಿರಸಿಯ ಕಡೆಯವನು. ಒಂದು ಡಿಸೆಂಬರ್ 14ರಂದು, ಜೆಮಿನಿಡ್ ಉಲ್ಕೆಗಳ ಹೊತ್ತಿನಲ್ಲಿ, ಅಡಿಕೆ ಒಣಗಿಸುವ ಅಟ್ಟದ ಮೇಲೆ ಅಲ್ಯೂಮಿನಿಯಂ ಕೊಳವೆಯ ಆಂಟೆನಾ ಕಟ್ಟಿ, ಎಫ್‌ಎಂ ರೇಡಿಯೋವನ್ನು ಯಾವ ಕೇಂದ್ರವೂ ಸಿಗದ ಖಾಲಿ ಜಾಗಕ್ಕೆ ತಿರುಗಿಸಿ ಕೂತಿದ್ದೆ. ಬರೀ ಸರ್‌ ಅನ್ನುವ ಸದ್ದು. ಮೂರು ಗಂಟೆ ದಾಟಿತ್ತು. ಹಠಾತ್ತನೆ ಒಬ್ಬ ಹೆಂಗಸಿನ ದನಿ, ಹಿಂದಿಯಲ್ಲಿ ಎರಡೇ ಪದ, ಪಕ್ಕದ ಕೋಣೆಯಲ್ಲಿ ನಿಂತು ಹೇಳಿದಷ್ಟು ಸ್ಪಷ್ಟ. ಮತ್ತೆ ಸರ್‌. ಮೈ ಜುಮ್ಮೆಂದಿತು. ಬೆಳಕು ಹರಿಯುವ ತನಕ ಅಲ್ಲಿಂದ ಏಳಲಿಲ್ಲ.