ವಿಜಯಪುರ ಜಿಲ್ಲಾದ ತಿಕೋಟಾ ಕಡೆ 4 ಎಕರೆಯಾಗ ವೈನ್ ದ್ರಾಕ್ಷಿ ಹಚ್ಚಬೇಕಂತೀನಿ, ಹೆಂಗ?

ಸ್ವಿಟ್ಜರ್ಲೆಂಡಿನ ವಲೇ ಕಣಿವಿ ವಿಡಿಯೋ ನೋಡೀರಿ, ಅಲ್ಲೂ ವರ್ಷಕ್ಕ 600 ಮಿಮೀ ಆಸುಪಾಸು ಮಳಿ, ನಮ್ಮಲ್ಲೂ ಹೆಚ್ಚುಕಡಿಮಿ ಅಷ್ಟ, ಅಂದಮ್ಯಾಲೆ ಇಲ್ಯಾಕ ಆಗಬಾರ್ದು ಅಂತ ಕೇಳೀರಿ. 2011ರಾಗ ನಾನೂ ಇದ ಲೆಕ್ಕ ಹಾಕಿದ್ದೆ ರೀ. ನಿಮಗ ವಿಡಿಯೋ, ನನಗ ವೈನರಿ (ವೈನ್ ಮಾಡೋ ಕಾರ್ಖಾನಿ) ಕಡೆಯ ಒಬ್ಬ ಏಜೆಂಟ್.

2007ರಾಗ ಸರ್ಕಾರದ ವೈನ್ ನೀತಿ ಬಂದಮ್ಯಾಲೆ ನಮ್ಮ ಕಡೆ ಎಲ್ಲಾರ ಬಾಯಾಗೂ ವೈನ್. ಅಪ್ಪ ಥಾಮ್ಸನ್ ಅನ್ನೋ ಬೀಜ ಇಲ್ಲದ ದ್ರಾಕ್ಷಿ ಬಿಟ್ಟು ಬ್ಯಾರೆ ಏನೂ ಬ್ಯಾಡೋ ಅಂದ, ನಾ ಕೇಳ್ಲಿಲ್ಲ, ಡಾಗ್ರಿಜ್ ಅನ್ನೋ ಜಾತಿ ದ್ರಾಕ್ಷಿ ಬೇರಿನ ಮ್ಯಾಲೆ 2 ಎಕರೆ ಶಿರಾಜ್ ಅನ್ನೋ ವೈನ್ ದ್ರಾಕ್ಷಿ ಕಸಿ ಕಟ್ಟಿಸ್ದೆ. ಮೊದಲಿನ ಎರಡು ಬೆಳಿ ಛಲೋ ಹೋದ್ವು. ಮೂರನೇದ್ದು ಫೆಬ್ರುವರಿದಾಗ ಬ್ರಿಕ್ಸ್ (ಹಣ್ಣಿನ ಸಕ್ಕರಿ ಅಳತಿ) 23 ಬಂತು, ವೈನರಿಗೆ ಫೋನ್ ಹಚ್ಚಿದೆ, ಟ್ಯಾಂಕ್ ತುಂಬ್ಯಾವ ಎಂಟು ದಿನ ತಡೀರಿ ಅಂದ್ರು. ಎಂಟು ಹೋಗಿ ಇಪ್ಪತ್ತಾತು, ಹಣ್ಣು ಗಿಡದಾಗ ಸುಕ್ಕು ಹಿಡೀತು.

ಕರಾರು ಮಾಡ್ಕೊಂಡಿರಲಿಲ್ಲೇನು ಅಂತೀರಿ. ಮಾಡ್ಕೊಂಡಿದ್ದೆ ರೀ, ಬಾಂಡ್ ಪೇಪರಿನ ಮ್ಯಾಲೆ! ದರ ಇತ್ತು, ಬ್ರಿಕ್ಸ್ ಇತ್ತು, ಹಣ್ಣು ಯಾವ ತಾರೀಖಿನೊಳಗ ಒಯ್ಬೇಕು ಅನ್ನೋದು ಇರಲಿಲ್ಲ. ಅದೊಂದು ಸಾಲು. ಅವ್ರು ತಗೊಳ್ಳಂಗಿಲ್ಲ ಅಂತ ಒಂದಿನಾನೂ ಅನ್ಲಿಲ್ಲ, ನಾಳೆ ಅಂದ್ರು, ನಾಳೆ ಅಂದ್ರ ಕರಾರು ಮುರದ್ರು ಅಂತ ತೋರಸೋದು ಕಷ್ಟ, ವಕೀಲರೂ ಅದನ್ನ ಹೇಳಿದ್ರು. ಥಾಮ್ಸನ್ ಆಗಿದ್ರ ಯಾಪಾರಿ ಬರಲಿಲ್ಲಂದ್ರ ಲಗೂ ಒಣಗಿಸೋ ಆಯಿಲ್‌ದಾಗ ಎದ್ದಿ ಶೆಡ್ಡಿನಾಗ ಹಾಕಿದ್ರ ಹದಿನೈದು ದಿನಕ್ಕ ಒಣದ್ರಾಕ್ಷಿ, ನಾಕು ಕಿಲೋಕ್ಕ ಒಂದು ಕಿಲೋ, ಕೋಲ್ಡ್ ಸ್ಟೋರೇಜ್‌ದಾಗ ಇಟ್ಟು ದರ ಬಂದಾಗ ಮಹಾರಾಷ್ಟ್ರದ ತಾಸಗಾಂವ ಒಣದ್ರಾಕ್ಷಿ ಪ್ಯಾಟಿಗೆ ಒಯ್ಯಬಹುದಿತ್ತು. ಶಿರಾಜ್‌ದಾಗ ಬೀಜ. ಕಾಳು ಸಣ್ಣದು, ಸಿಪ್ಪಿ ದಪ್ಪ. ಎರಡು ಕ್ವಿಂಟಲ್ ಒಣಗಿಸಿ ನೋಡಿದೆ, ಹುಡುಗ್ರು ಬಾಯಾಗ ಹಾಕ್ಕೊಂಡು ಉಗುಳಿದ್ವು, ಕಡೀಕ ಎಮ್ಮಿ ತಿಂತು.

ಇನ್ನ ನಿಮ್ಮ ಮಳಿ ಲೆಕ್ಕ. ಅದ ತಪ್ಪು. ಅಲ್ಲಿ ಮಳಿ ಕಡಿಮಿ ಖರೆ, ಆದ್ರ ತಲಿ ಮ್ಯಾಲೆ ಆಲ್ಪ್ಸ್ ಹಿಮ ಐತಿ, ಅದು ಕರಗಿದ ನೀರು ತರಾಕ ನೂರಾರು ವರ್ಷದ ಹಿಂದ ಗುಡ್ಡ ಕಡದು ಕಾಲುವಿ ಮಾಡ್ಯಾರ, ಬಿಸ್ ಅಂತಾರ ಅವಕ್ಕ. ಚಳಿಗಾಲಕ್ಕ ಬಳ್ಳಿ ಎಲಿ ಉದುರಿಸಿ ಮಲಗತೈತಿ, ವರ್ಷಕ್ಕ ಒಂದ ಚಾಟ್ನಿ (ಬಳ್ಳಿ ಕತ್ತರಿಸೋದು). ನಮ್ಮ ಬಳ್ಳಿಗೆ ನಿದ್ದಿನ ಇಲ್ಲ, ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ, ಎರಡು ಸಲ ಆಳಿನ ಖರ್ಚು, ಬೆಳಿ ಒಂದ. ಮ್ಯಾಲೆ ಅಲ್ಲಿ ಹಣ್ಣು ಮಾಗೋದು ಥಂಡಿ ಬರೋ ಹೊತ್ತಿಗೆ, ನಮ್ಮಲ್ಲಿ ಬಿಸಲು ಏರೋ ಹೊತ್ತಿಗೆ. ಸಕ್ಕರಿ ಓಡತೈತಿ, ಹುಳಿ ಇಳೀತೈತಿ, ವೈನರಿಯವ್ರು ಮೂಗು ಮುರಿಯೋದು ಅಲ್ಲೇ.

ನೀವು ಕೇಳಿದ್ದು ಶಿರಾಜ್ ಹಚ್ಚಲೋ ಕ್ಯಾಬರ್ನೆ ಹಚ್ಚಲೋ ಅಂತ. ಎರಡೂ ಬ್ಯಾಡ. ಮೊದಲ ನೀರಿಗೆ ಕೃಷಿ ಹೊಂಡ ತೋಡ್ರಿ, ಆಮ್ಯಾಲೆ ಥಾಮ್ಸನ್. ವೈನ್ ಹುಚ್ಚು ಬಿಡೂದ ಇಲ್ಲಂದ್ರ ಅರ್ಧ ಎಕರೆ, ಅದೂ ತಾರೀಖು ಬರಸ್ಕೊಂಡು, ದಾಟಿದ್ರ ದಿನಕ್ಕಿಷ್ಟು ಅಂತ ದಂಡಾನೂ ಬರಸ್ಕೊಂಡು.

ನಾ ಪಡ (ದ್ರಾಕ್ಷಿ ತೋಟ) ಕೀಳಲಿಲ್ಲ ಬಿಡ್ರಿ, ಡಾಗ್ರಿಜ್ ಬುಡ ಗಟ್ಟಿ ಇತ್ತು, ಮ್ಯಾಲಿನ ಶಿರಾಜ್ ಕೊಯ್ಸಿ ಅದಕ್ಕ ಥಾಮ್ಸನ್ ಕಸಿ ಕಟ್ಟಿಸ್ದೆ. ನೀವೂ ಕಸಿ ಮಾಡ್ಸೋದಾದ್ರ ಆಳಿಗೆ ಜುಲೈದಾಗ ಹೇಳಿಡ್ರಿ, ಸೀಸನ್ ಚಾಲೂ ಆದ್ರ ಯಾರೂ ಫೋನ್ ಎತ್ತಂಗಿಲ್ಲ.