ಗೋಡೆ ಮೇಲೆ ಕಂಡಿದ್ದು ಒಂದು, ಬೇಲಿಯಲ್ಲಿ ಕೂಗಿದ್ದು ಇನ್ನೊಂದು

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿ ಹತ್ತಿರ, ತೋಟದ ಪಕ್ಕ. ರಾತ್ರಿಯಾದರೆ ಬೇಲಿ ಕಡೆಯಿಂದ ‘ಚಿರ್ರ್, ಚಿರ್ರ್’ ಅಂತ ಒಂದೇ ಲಯದಲ್ಲಿ ಸದ್ದು ಬರುತ್ತದೆ. ನಿನ್ನೆ ಜಗಲಿಯ ಟ್ಯೂಬ್‌ಲೈಟ್ ಪಕ್ಕ ಎಲೆಯಂಥ ಹಸಿರು ಹುಳ ಕೂತಿತ್ತು. ಫೋಟೊ ಕಳಿಸಿದ್ದೇನೆ. ಬಾಲದಲ್ಲಿ ಕತ್ತಿಯಂಥದ್ದು ಇದೆ. ಕೂಗುವುದು ಇದೇನಾ? ಕುಟುಕುತ್ತದಾ? ಮಿಡತೆಯೋ, ಜೀರುಂಡೆಯೋ?

ಉತ್ತರ: ಮೊದಲು ಮೀಸೆ ನೋಡಿ. ನೂಲಿನಷ್ಟು ತೆಳ್ಳಗೆ, ಮೈಗಿಂತ ಉದ್ದ. ಗದ್ದೆಯ ಮಿಡತೆಗೆ ಮೀಸೆ ಗಿಡ್ಡ, ದಪ್ಪ. ರೆಕ್ಕೆ ಬೆನ್ನ ಮೇಲೆ ಚಪ್ಪಟೆಯಾಗಿಲ್ಲ, ಮನೆಯ ಮಾಡಿನ ಹಾಗೆ ಎರಡೂ ಬದಿಗೆ ಇಳಿದಿದೆ. ಹಾಗಾಗಿ ಜೀರುಂಡೆಯೂ ಅಲ್ಲ. ಎಲೆಮಿಡತೆ ಅನ್ನೋಣ. ಆ ಉದ್ದುದ್ದ ಹಿಂಗಾಲು ನೋಡಿದರೆ ಇದು ಮೆಕೊಪೊಡ ಕುಲದ್ದು. ಹೆಸರಿನ ಅರ್ಥವೇ ‘ಉದ್ದಕಾಲಿನದು’! ಇದೇ ಹುಳ ಕಂದು ಬಣ್ಣದಲ್ಲೂ ಸಿಗುತ್ತದೆ, ಬೇರೆ ಜಾತಿ ಅಂದುಕೊಳ್ಳಬೇಡಿ.

ಕತ್ತಿ ಕುಟುಕಲು ಅಲ್ಲ, ಮೊಟ್ಟೆ ಇಡಲು. ಅಂದರೆ ನಿಮ್ಮ ಅತಿಥಿ ಹೆಣ್ಣು. ಬಿಗಿಯಾಗಿ ಹಿಡಿದರೆ ದವಡೆಯಿಂದ ಕಚ್ಚಬಹುದು, ವಿಷವಿಲ್ಲ. ಸೊಪ್ಪು ತಿನ್ನುವ ಹುಳ ನಿಜ, ಆದರೆ ಒಂದು ಕಂಡಿದ್ದಕ್ಕೆ ಔಷಧಿ ಹೊಡೆಯಬೇಡಿ.

ಕೂಗಿದ್ದು ಮಾತ್ರ ಇವಳಲ್ಲ. ಗಂಡು ಎಡ ಮುಂರೆಕ್ಕೆಯನ್ನು ಬಲದ್ದರ ಮೇಲೆ ಉಜ್ಜಿ ಸದ್ದು ಮಾಡುತ್ತದೆ. ಇವಳು ಅದನ್ನು ಮುಂಗಾಲಿನಿಂದ ಕೇಳುತ್ತಾಳೆ. ಮಂಡಿಯ ಸ್ವಲ್ಪ ಕೆಳಗೆ ಕಿವಿ ಇದೆ. ಅಕ್ಕಪಕ್ಕದ ಗಂಡುಗಳು ಭಜನೆಯ ತಾಳದ ಹಾಗೆ ಒಟ್ಟಿಗೇ ಕೂಗುವುದೂ ಉಂಟು.

ಕೂಗುವವನಿಗೇ ಅಪಾಯ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಕುದುರೆಮುಖದ ಕಡೆ ಎಲೆಮಿಡತೆ ತಿನ್ನುವ ಒಂದು ಬಾವಲಿಯ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದರು. ಬಾವಲಿ ತಿಂದು ಬಿಸಾಡಿದ ರೆಕ್ಕೆಗಳಲ್ಲಿ ಹೆಣ್ಣಿನವೇ ಹೆಚ್ಚಿದ್ದವು. ಗಂಡನ್ನು ಹುಡುಕುತ್ತಾ ಹಾರುವವಳು ಅವಳೇ ನೋಡಿ. ಕೂಗದೆ ಇದ್ದವಳೇ ಬಲಿ.

ಇನ್ನು ಯಾವ ಜಾತಿ? ಇಲ್ಲಿ ಫೋಟೊ ಸಾಲದು. ದಕ್ಷಿಣ ಭಾರತದ ಮೆಕೊಪೊಡಗಳಲ್ಲಿ ನೋಡಲು ಒಂದೇ ಥರ ಇದ್ದೂ ಕೂಗು ಬೇರೆಬೇರೆ ಇರುವ 5 ಬಗೆಗಳನ್ನು 2006ರಲ್ಲಿ ಅದೇ ಸಂಸ್ಥೆಯವರು ಗುರುತಿಸಿದ್ದಾರೆ. ಇವತ್ತು ರಾತ್ರಿ ಮೊಬೈಲ್ ಹಿಡಿದು ಬೇಲಿ ಹತ್ತಿರ ಹೋಗಿ, ಒಂದೆರಡು ನಿಮಿಷ ಸದ್ದು ರೆಕಾರ್ಡ್ ಮಾಡಿ ಕಳಿಸಿ. ಟಾರ್ಚ್ ಮರೆಯಬೇಡಿ, ಹಾವಿನ ಕಾಲ.